ಹನ್ನೆರಡನೇ ನಂಬರಿನ ಹಾಜರಿ

ನನ್ನ ಕೈಕೆಳಗೆ ಮೂವತ್ತೊಂದು ಜನ ಪೊಲೀಸರಿದ್ದಾರೆ. ನಗಬೇಡಿ. ಹಗಲೆಲ್ಲ ನಾನು ಲಿಫ್ಟ್ ರಿಪೇರಿಯವನು. ಯಾರಾದರೂ ಒಳಗೆ ಸಿಕ್ಕಿಹಾಕಿಕೊಂಡು ಗಂಟೆ ಒತ್ತಿದರೆ ಹೋಗಿ ಬಾಗಿಲು ಬಿಡಿಸುತ್ತೇನೆ. ಹೊರಬಂದವರು ನನ್ನ ಮುಖ ಕೂಡ ನೋಡದೆ ನಡೆಯುತ್ತಾರೆ. ಸಂಜೆ ಆರಕ್ಕೆ ಕಂಪ್ಯೂಟರ್ ಮುಂದೆ ಕೂತು ಹೆಡ್‌ಫೋನ್ ಏರಿಸಿದರೆ ಮಾತ್ರ ನಾನು ಸಾಹೇಬ. ಆ ಆನ್‌ಲೈನ್ ಆಟದೊಳಗೆ ಒಂದು ಇಡೀ ಊರಿದೆ. ಅಲ್ಲಿನ ಕಳ್ಳರು, ಡಾಕ್ಟರು, ಟ್ಯಾಕ್ಸಿಯವರು ಎಲ್ಲರೂ ನನ್ನ ಹಾಗೆ ಎಲ್ಲೋ ಮನೆಯಲ್ಲಿ ಕೂತು ವೇಷ ಹಾಕಿದವರೇ. ಆ ಊರಿನ ಪೊಲೀಸ್ ಇಲಾಖೆಗೆ ನಾನು ಮುಖ್ಯಸ್ಥ.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ ನಿಂದು," ಎಂದು ಅಕ್ಕ ಫೋನಿನಲ್ಲಿ ಬೈಯುತ್ತಾಳೆ. "ಒಂದಿನ ಊಟಕ್ಕಾದ್ರೂ ಬಾರೋ."

"ಡ್ಯೂಟಿ ಇದೆ," ಎನ್ನುತ್ತೇನೆ. ಅವಳು ನಗುತ್ತಾಳೆ, ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಇಲಾಖೆಯಲ್ಲಿ ಶಿಸ್ತು ಅಂದರೆ ಶಿಸ್ತು. ಆರಕ್ಕೆ ಹಾಜರಿ, ಎಲ್ಲರೂ ರೇಡಿಯೋದಲ್ಲಿ ತಂತಮ್ಮ ನಂಬರ್ ಹೇಳಬೇಕು. ನಿಜವಾದ ಮನೆ, ಮಕ್ಕಳು, ನೆಗಡಿ, ಕೆಮ್ಮು, ಇವೆಲ್ಲ ಹೊರಗಿನ ಮಾತು, ರೇಡಿಯೋಗೆ ಬರಕೂಡದು. ಆ ನಿಯಮ ಬರೆದವನು ನಾನೇ.

ಹನ್ನೆರಡನೇ ನಂಬರಿನ ಹೆಂಗಸು ಮೂರು ವರ್ಷದಲ್ಲಿ ತಾನಾಗಿ ಒಂದು ಹಾಜರಿಯನ್ನೂ ತಪ್ಪಿಸಿರಲಿಲ್ಲ. ಅವಳ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ದನಿ ಗೊತ್ತು, ಅದರ ಹಿಂದೆ ಕಿರಕ್ ಕಿರಕ್ ಎನ್ನುವ ಫ್ಯಾನ್ ಗೊತ್ತು. ಆಟದ ಬಂದರು ರಸ್ತೆಯಲ್ಲಿ ಒಂದೇ ಕಾರಿನಲ್ಲಿ ಇಬ್ಬರೂ ಗಸ್ತು ತಿರುಗುತ್ತಿದ್ದೆವು. ಒಮ್ಮೆ ಅವಳು, "ಸಾರ್, ಇವತ್ತು ನಾನು ಹುಟ್ಟಿದ ದಿನ. ಮನೇಲಿ ಯಾರೂ ಇಲ್ಲ," ಎಂದಳು. ಹೊರಗಿನ ಮಾತು! ಒಂದು ವಾರ ಸಸ್ಪೆಂಡ್ ಮಾಡಿದೆ. ಆ ವಾರವೆಲ್ಲ ಪಕ್ಕದ ಸೀಟು ಖಾಲಿಯಿಟ್ಟುಕೊಂಡು ಒಬ್ಬನೇ ತಿರುಗಿದೆ. ಶಿಕ್ಷೆ ಯಾರಿಗಾಯಿತೋ ದೇವರಿಗೇ ಗೊತ್ತು.

ಹೋದ ತಿಂಗಳು ಒಂದು ಸಂಜೆ ರೇಡಿಯೋದಲ್ಲಿ ಅವಳ ದನಿ ಮೆಲ್ಲಗೆ ಬಂತು. "ಹನ್ನೆರಡು ಬಿದ್ದಿದ್ದೀನಿ ಸಾರ್. ಏಳಕ್ಕಾಗ್ತಿಲ್ಲ. ಸಹಾಯ ಬೇಕು."

ಆಟದಲ್ಲಿ ಅವಳ ಪೊಲೀಸ್ ಬಂದರು ರಸ್ತೆಯಲ್ಲಿ ನೆಟ್ಟಗೆ ನಿಂತಿದ್ದಳು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ಮೂರು ಕಾರು, ಒಂದು ಆಂಬುಲೆನ್ಸ್ ಕಳಿಸಿದೆ. ಡಾಕ್ಟರ್ ವೇಷದವನು ಅವಳನ್ನು ಸ್ಟ್ರೆಚರ್ ಮೇಲೆ ಮಲಗಿಸಿ, "ನೋವಿನ ನಟನೆ ಎಷ್ಟು ಚೆನ್ನಾಗಿ ಮಾಡ್ತಾರೆ ಸಾರ್ ಇವ್ರು," ಎಂದ.

"ಶಹಬ್ಬಾಸ್ ಹನ್ನೆರಡು," ಎಂದೆ ನಾನು.

"ಸಾರ್..." ಎಂದಳು. ಆಮೇಲೆ ಬರೀ ಫ್ಯಾನಿನ ಸದ್ದು. ಬಹಳ ಹೊತ್ತಾದ ಮೇಲೆ ಅದೂ ನಿಂತಿತು.

ಮರುದಿನ ಹಾಜರಿಯಲ್ಲಿ ಹನ್ನೊಂದಾದ ಮೇಲೆ ದನಿಯಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಯಾವುದೋ ಕಟ್ಟಡದ ಲಿಫ್ಟ್ ನಿಂತು, ಒಳಗಿದ್ದ ಮುದುಕಿ ಗಂಟೆಯ ಮೈಕಿನಲ್ಲಿ, "ಸಹಾಯ ಬೇಕಪ್ಪಾ," ಎಂದಳು. ಆವತ್ತು ಹನ್ನೆರಡು ಕೇಳಿದಷ್ಟೇ ಮೆಲ್ಲಗೆ. ನಿಜವಾಗಿ ಸಿಕ್ಕಿಕೊಂಡವರು ಕೂಗಾಡುವುದಿಲ್ಲ, ಮೆಲ್ಲಗೆ ಕೇಳುತ್ತಾರೆ. ಇಪ್ಪತ್ತು ವರ್ಷದ ಕೆಲಸದಲ್ಲಿ ಕಲಿತ ಮಾತು ಇದು. ಹೊರಗಿನ ಮಾತಾಡಿದರೆ ಮತ್ತೆ ಶಿಕ್ಷೆ ಎಂದು, ಮನೆಯಲ್ಲಿ ನಿಜವಾಗಿಯೇ ಬಿದ್ದಿದ್ದ ಆ ಪುಣ್ಯಾತ್ಗಿತ್ತಿ ನಾನು ಕಲಿಸಿದ ಭಾಷೆಯಲ್ಲೇ ಜೀವ ಉಳಿಸು ಎಂದಿದ್ದಳು. ನಾನು ಚಿತ್ರದ ಆಂಬುಲೆನ್ಸ್ ಕಳಿಸಿದ್ದೆ.

ಯಾರಿಗೆ ಹೇಳಲಿ? ನಿಜವಾದ ಪೊಲೀಸರ ಬಳಿ ಹೋದರೆ ಯಾವ ಹೆಸರು, ಯಾವ ಊರು ಎಂದು ಬರೆಸಲಿ? ದಿನಾ ಆರರ ಹಾಜರಿಯಲ್ಲಿ ಹನ್ನೆರಡನೇ ನಂಬರ್ ಬಂದಾಗ ನಿಂತು ಕಾಯುತ್ತಿದ್ದೆ. ಊಟ ಸೇರುತ್ತಿರಲಿಲ್ಲ.

ಇಪ್ಪತ್ತನೆಯ ದಿನ ದನಿ ಬಂತು. "ಹನ್ನೆರಡು, ಹಾಜರ್."

ಇಡೀ ಇಲಾಖೆ ಕೇಳುತ್ತಿತ್ತು, ಕೇಳಲಿ ಬಿಡು ಎನ್ನಿಸಿತು. "ಏನಾಗಿತ್ತಮ್ಮಾ? ಯಾರಾದ್ರೂ ಬಂದ್ರಾ? ಈಗ ಹೇಗಿದ್ದೀರಿ? ನಿಮ್ಮ ಹೆಸರೇನು?"

ಅವಳ ಹಿಂದೆ ಅದೇ ಫ್ಯಾನ್ ಕಿರುಗುಟ್ಟುತ್ತಿತ್ತು.

"ಹೊರಗಿನ ಮಾತು ರೇಡಿಯೋದಲ್ಲಿ ಬೇಡ ಸಾರ್," ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. "ಬ್ಯಾಡ್ಜ್ ಒಪ್ಪಿಸಿ ಹೋಗೋಣ ಅಂತ ಬಂದೆ."

ತೆರೆಯ ಮೇಲೆ ಅವಳ ಪೊಲೀಸ್ ನನ್ನ ಮೇಜಿನ ಮೇಲೆ ಬ್ಯಾಡ್ಜ್ ಇಟ್ಟು, ಸೆಲ್ಯೂಟ್ ಹೊಡೆದು, ಠಾಣೆಯ ಬಾಗಿಲು ದಾಟಿದಳು. ಪಟ್ಟಿಯಿಂದ ನಂಬರ್ ಅಳಿಸಿಹೋಯಿತು.

"ಹದಿಮೂರು, ಹಾಜರ್ ಸಾರ್," ಎಂದ ಮುಂದಿನವನು. ಎರಡು ಸಲ ಹೇಳಿದ. ನಾನು ಹೆಡ್‌ಫೋನ್ ತೆಗೆಯಲಿಲ್ಲ. ತೆಗೆದರೆ ಮನೆಯಲ್ಲಿ ಯಾರೂ ಇಲ್ಲ.