ಏರಿಯ ಮೇಲಿನ ಬಿಳಿ ಪಟ್ಟಿ

ನಮ್ಮ ಕೆರೆ ಏರಿಯ ಹೊಂಗೆ ಮರಗಳಿಗೆಲ್ಲ ಸೊಂಟದೆತ್ತರಕ್ಕೆ ಒಂದು ಬಿಳಿ ಪಟ್ಟಿ ಇರುತ್ತಿತ್ತು. ಪ್ರತಿ ವರ್ಷ ಸುಣ್ಣ ಕಲಸಿ ಅದನ್ನು ಬಳಿಯುವುದು ಪರಿಸರ ಸಂಘದಲ್ಲಿ ನನ್ನ ಕೆಲಸ. ಪಟ್ಟಿ ಇದ್ದ ಮರಕ್ಕೆ ಊರಿನ ಯಾರೂ ಕೊಡಲಿ ಹಾಕುತ್ತಿರಲಿಲ್ಲ. ಆ ಬೇರುಗಳು ಹೋದರೆ ಏರಿ ಒಡೆಯುತ್ತದೆ, ಕೆಳಗಿನ ಗದ್ದೆ, ಮನೆ ಎಲ್ಲ ಕೊಚ್ಚಿಹೋಗುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

ಯುದ್ಧ ಶುರುವಾದ ಮೇಲೆ ಗಡಿಯ ಕಡೆಯ ಜನ ಬಂದು ಏರಿಯ ಕೆಳಗೆ ಗುಡಿಸಲು ಹಾಕಿಕೊಂಡರು. ಪಟ್ಟಿ ಇರುವ ಮರ ಮುಟ್ಟಬೇಡಿ, ಇಲ್ಲದ್ದನ್ನು ಸೌದೆಗೆ ಕಡಿದುಕೊಳ್ಳಿ ಎಂದು ನಾನೇ ಗುಡಿಸಲು ಗುಡಿಸಲಿಗೆ ಹೋಗಿ ಹೇಳಿ ಬಂದೆ. ಆಮೇಲೆ ನಮ್ಮ ಸಂಘ ಯಾವ ಸಂಘವೆಂದು ನಮಗೇ ತಿಳಿಯದಂತಾಯಿತು. ಸಸಿಗಳ ಚಪ್ಪರದಡಿ ಅವರಿಗೆ ಹಂಚುವ ಹಿಟ್ಟಿನ ಮೂಟೆಗಳು ಬಂದು ಕೂತವು. ಹಕ್ಕಿ ನೋಡಲು ಇಟ್ಟಿದ್ದ ದೋಣಿಯ ಮೇಲೆ ಕಂಬಳಿ ಒಣಗಿದವು. ಮಕ್ಕಳಿಗೆ ಹಕ್ಕಿಗಳ ಹೆಸರು ಹೇಳಿಕೊಡುತ್ತಿದ್ದ ನಾನು, ಸಾಲಿನಲ್ಲಿ ನುಗ್ಗಬೇಡಿ ಎಂದು ದಿನವಿಡೀ ಗಂಟಲು ಹರಿದುಕೊಳ್ಳುವವನಾದೆ.

ಪಟ್ಟಿ ಬಳಿಯುವ ಕಾಲ ಬಂತೆಂದು ಸುಣ್ಣದ ಮೂಟೆ ಹುಡುಕಿದರೆ, ಸಂಘದ ಅಧ್ಯಕ್ಷೆ ಪ್ರಮೀಳಮ್ಮ ಅದನ್ನು ಗುಡಿಸಲುಗಳ ಕಕ್ಕಸು ಗುಂಡಿಗೆ ಸುರಿಸಿಬಿಟ್ಟಿದ್ದರು. ಪೇಟೆಯಲ್ಲಿ ಬೇರೆ ಸುಣ್ಣವಿರಲಿಲ್ಲ. ನಾನು ರೇಗಿದೆ.

"ಮರಕ್ಕೆ ವಾಂತಿಭೇದಿ ಆಗಲ್ಲ ಕಣಪ್ಪ," ಎಂದರು ಅವರು, ಹಿಟ್ಟು ಅಳೆಯುತ್ತಲೇ.

ನನ್ನ ಸಿಟ್ಟು ಇನ್ನಷ್ಟು ಏರಿತು.

ಅಡ್ಡಮಳೆಗೆ ಹಳೆಯ ಪಟ್ಟಿಗಳು ಅಳಿಸಿಹೋದದ್ದೇ ತಡ, ಮರಗಳು ಉರುಳತೊಡಗಿದವು. ಒಂದು ಸಂಜೆ ಗುಡಿಸಲಿನ ನಿಂಬವ್ವ ಕೊಡಲಿ ಸಮೇತ ಸಿಕ್ಕಿಬಿದ್ದಳು. ಬಾಯಿಗೆ ಬಂದಂತೆ ಬೈದೆ.

"ಪಟ್ಟಿ ಇಲ್ಲದ ಗಿಡ ಕಡೀರಿ ಅಂತ ನೀವ ಹೇಳೀರಲ್ರೀ ಯಣ್ಣಾ," ಎಂದಳು.

ಹೌದು, ಹೇಳಿದ್ದೆ. ತಲೆ ಚಚ್ಚಿಕೊಂಡು, ಏರಿ ಒಡೆದರೆ ಮೊದಲು ಹೋಗುವುದು ಅವಳ ಗುಡಿಸಲೇ ಎಂದು ತಿಳಿಸಿದೆ. ಅವಳು ಕೊಡಲಿ ಹೆಗಲಿಗೇರಿಸಿ ಏರಿ ಇಳಿದು ಹೋದಳು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಉಳಿದ ಮರಗಳಿಗೆಲ್ಲ ಬಿಳಿ ಪಟ್ಟಿ. ಮುಟ್ಟಿದರೆ ಬೆರಳಿಗೆ ಅಂಟಿತು. ಕೊನೆಯ ಮರದ ಬಳಿ ನಿಂಬವ್ವ ಪಾತ್ರೆ ಹಿಡಿದು ನಿಂತಿದ್ದಳು.

"ಇದೇನಮ್ಮ ಬಳಿದಿರೋದು?"

"ನೀವ ಕೊಟ್ಟ ಹಿಟ್ಟ್ರೀ. ಹುಳ ಬಿದ್ದಿತ್ತು, ತಿನ್ನಾಕ ಬರ್ತಿದ್ದಿಲ್ಲ. ಗಂಜಿ ಕಾಸಿ ಬಳದೀನಿ. ನಾಳೆ ಮತ್ಯಾರರ ಕಡದ್ರ ನನ್ನ ಬೈತೀರಿ."

ಮಧ್ಯಾಹ್ನದೊಳಗೆ ಊರಿನ ಆಡುಗಳಿಗೆ ವಾಸನೆ ಹತ್ತಿತು. ಹಿಟ್ಟಿನ ಜೊತೆ ತೊಗಟೆಯನ್ನೂ ಕೆರೆಯತೊಡಗಿದವು. ಯುದ್ಧ ಮುಗಿಯುವವರೆಗೂ ನನ್ನ ಪರಿಸರ ಸೇವೆ ಅದೇ ಆಯಿತು. ಏರಿಯ ಈ ತುದಿಯಲ್ಲಿ ನಾನು ಕೋಲು ಹಿಡಿದು ಆಡು ಓಡಿಸುತ್ತಿದ್ದೆ. ಆ ತುದಿಯಲ್ಲಿ ನಿಂಬವ್ವ. ನಮ್ಮಿಬ್ಬರ ನಡುವೆ, ಅರ್ಧ ನೆಕ್ಕಿದ ಬಿಳಿ ಪಟ್ಟಿಗಳು.