ಖಾಲಿ ಸಾಲುಗಳು

ಮಾಂಟೆವಿಡಿಯೊದ ವಿಶ್ವವಿದ್ಯಾಲಯದಲ್ಲಿ ಅಂದು ಅಂಕಿ-ಅಂಶದ ತರಗತಿಗೆ ವೃದ್ಧರ ಸಮೀಕ್ಷೆಯೇ ಪಾಠ. ಅದೇ ಜನರನ್ನು ಮೂರು ವರ್ಷಕ್ಕೊಮ್ಮೆ ಕಂಡು ಮಾತಾಡಿಸಿದ ಸಮೀಕ್ಷೆ ಅದು. ಎರಡನೇ ಸುತ್ತಿನಲ್ಲಿ ದೂರದ ಸಾಲ್ಟೊ ಊರಿನ ಕಡೆಯ ಮನೆಗಳಿಗೆ ಹೋಗಿ ಉತ್ತರ ಬರೆದುಕೊಂಡು ಬಂದವಳು ಈಗ ಇದೇ ತರಗತಿಯಲ್ಲಿ ಕೂತಿದ್ದ ವಿದ್ಯಾರ್ಥಿನಿ ನೊಯೆಲಿಯಾಳೇ.

"ಮೂರನೇ ಸುತ್ತಲ್ಲಿ ಖಾಲಿ ಇರೋ ಸಾಲುಗಳನ್ನ ತೆಗೆದುಹಾಕಿ, ಆಮೇಲೆ ಒಂಟಿತನದ ಸರಾಸರಿ ನೋಡಿ," ಎಂದರು ಪ್ರೊಫೆಸರ್ ಒರಿಬೆ.

ತರಗತಿಯ ಎಲ್ಲರಿಗೂ ವೃದ್ಧರ ಒಂಟಿತನ ಕಡಿಮೆಯಾಗಿದೆ ಎಂದೇ ಉತ್ತರ ಬಂತು.

"ವಯಸ್ಸಾದಷ್ಟೂ ಖುಷಿಯಂತೆ ಕಣೇ! ಹುಡುಗರಾಗಿ ನಾವೇ ಕೆಟ್ವಿ," ಎಂದು ಪಕ್ಕದ ಫಾಕುಂದೊ ನಕ್ಕ.

ನೊಯೆಲಿಯಾ ನಗಲಿಲ್ಲ. ಖಾಲಿ ಸಾಲೊಂದರಲ್ಲಿ ಊರು, ಎಂಬತ್ತೊಂದು ವಯಸ್ಸು, ಕಿತ್ತಳೆ ತೋಟದ ಕೆಲಸ ಎಂದಿದ್ದುದನ್ನು ಕಂಡು ಅವಳಿಗೆ ತಾನು ಅಂದು ಮಾತಾಡಿಸಿದ್ದ ದೋನ್ ಎಲ್ಬಿಯೊ ಎಂಬ ಹಿರಿಯನ ಗುರುತು ಸಿಕ್ಕಿತ್ತು. ಕಷ್ಟ ಅಂದರೆ ಓಡಿಬರುವವರು ಎಷ್ಟು ಜನ ಎಂದು ಕೇಳಿದಾಗ, "ನಿನ್ನನ್ನ ಸೇರಿಸಿದ್ರೆ ಒಬ್ಬಳು, ಮಗಳೇ," ಎಂದಿದ್ದ ಮುದುಕ. ಸಮೀಕ್ಷೆಗೆ ಬಂದವರನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ನಿಯಮದಂತೆ ಅವಳು ಸೊನ್ನೆ ಬರೆದಿದ್ದಳು.

ಈಗ ಅವಳು ಮೂರನೇ ಸುತ್ತಿನಲ್ಲಿ ಬಿಟ್ಟುಹೋದವರ ಹಳೆಯ ಉತ್ತರಗಳನ್ನಷ್ಟೇ ಬೇರೆ ಮಾಡಿ ನೋಡಿದಳು. ಅದೇ ಪ್ರಶ್ನೆಗೆ ಮುಕ್ಕಾಲು ಪಾಲು ಜನ ಸೊನ್ನೆ ಎಂದೇ ಹೇಳಿದ್ದರು.

"ಪ್ರೊಫೆ, ಇವರೆಲ್ಲ ಯಾಕೆ ಬಿಟ್ಟುಹೋದ್ರು?"

ಒರಿಬೆ ಮೂಲ ಕಡತ ತೆರೆದರು. ಅದರಲ್ಲಿದ್ದ ಒಂದು ಅಂಕಣವನ್ನು ಪಾಠ ಸುಲಭವಾಗಲೆಂದು ಅವರೇ ಕೈಬಿಟ್ಟಿದ್ದರು. ಸಾಲು ಸಾಲಾಗಿ ಮೃತ, ಮೃತ, ಮೃತ ಎಂದಿತ್ತು.

"ಒಂಟಿತನ ಕಡಿಮೆಯಾಗಿಲ್ಲ, ಒಂಟಿಯಾಗಿದ್ದವರೇ ಹೋಗಿದಾರೆ," ಎಂದರವರು ಮೆಲ್ಲಗೆ. "ನನಗೂ ಹೊಳೀಲಿಲ್ಲ ನೋಡು."

ನೊಯೆಲಿಯಾ ಆ ಮುದುಕನ ಸಾಲನ್ನು ಹುಡುಕಿದಳು. ಅವಳು ಹೋಗಿ ಬಂದ ಎರಡೇ ತಿಂಗಳಿಗೆ, ಆ ದೇಶದ ಚಳಿಗಾಲವಾದ ಜುಲೈನಲ್ಲಿ ದೋನ್ ಎಲ್ಬಿಯೊ ತೀರಿಕೊಂಡಿದ್ದ. ಸಾವಿನ ಸುದ್ದಿ ಕೊಟ್ಟವರು ಯಾರು ಎಂಬಲ್ಲಿ ಯಾವ ನೆಂಟರ ಹೆಸರೂ ಇರಲಿಲ್ಲ, ಪುರಸಭೆ ಎಂದಷ್ಟೇ ಇತ್ತು.