ಸೋಮವಾರ ವಾಪಸ್ಸು ಮಾಡಬೇಕಿದ್ದ ಜಾಕೆಟ್

ನಾರ್ವೆಸ್ಟ್‌ನ ಕಂಪನಿಯೊಂದರಲ್ಲಿ ಗುರುದತ್ತನಿಗೆ ಅಪಾಯಗಳನ್ನು ಮುಂಚಿತವಾಗಿ ಗುರುತಿಸುವ ಕೆಲಸ. ಮನೆಯಲ್ಲಿ ಮಾತ್ರ ಅವನ ಕಣ್ಣಿಗೆ ಬೀಳುತ್ತಿದ್ದ ಅಪಾಯ ಒಂದೇ: ವಸ್ತು ಸವೆಯುವುದು. ಎಪ್ಪಿಂಗ್‌ನ ಅವರ ಫ್ಲ್ಯಾಟಿನಲ್ಲಿ ಟಿವಿ ರಿಮೋಟು ಆರು ವರ್ಷದಿಂದ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಹೆಂಡತಿ ಅಹಲ್ಯಾಳಿಗೆ ಹೇಳಿ ಹೇಳಿ ಸಾಕಾಗಿತ್ತು.

ಆಗಸ್ಟ್‌ನಲ್ಲಿ ಆ ದೇಶದ ಚಳಿಗಾಲ ಜೋರಾಗಿದ್ದಾಗ ಗೆಳೆಯ ಕೌಶಿಕ್ ಇಬ್ಬರನ್ನೂ ಜಿಂಡಬೈನ್ ಊರಿನಾಚೆಯ ಹಿಮದ ಬೆಟ್ಟಕ್ಕೆ ಕರೆದೊಯ್ದ. ಕಾರಿನ ಬಳಿಯೇ ಮೂವರೂ ಎದೆಗೆ ಬೀಕನ್ ಕಟ್ಟಿಕೊಂಡರು. ಹಿಮದಡಿ ಸಿಕ್ಕಿದವರದ್ದು ಸಿಗ್ನಲ್ ಕಳಿಸುತ್ತದೆ, ಉಳಿದವರದ್ದು ಹುಡುಕುತ್ತದೆ ಎಂದು ವಿವರಿಸಿ, ಕೌಶಿಕ್ ಒಂದೊಂದನ್ನೂ ಪರೀಕ್ಷಿಸಿದ.

"ಇನ್ನು ಆಫ್ ಮಾಡ್ಬೇಡಿ. ರಾತ್ರಿ ಗಾಳಿ ಹೊಸ ಹಿಮಾನೆಲ್ಲ ಆ ಇಳಿಜಾರಿಗೆ ತಂದು ಪೇರಿಸಿದೆ, ಕೆಳಗಡೆ ಲೇಯರ್ ವೀಕು, ಕಾಲಿಟ್ರೆ ಕುಸಿಯುತ್ತೆ. ನಾವು ಮೇಲುಗಡೆಯಿಂದ್ಲೇ ಸುತ್ಕೊಂಡು ಹೋಗೋಣ."

ಅಹಲ್ಯಾಳ ಕಣ್ಣು ಗಂಡನ ಹೊಸ ಜಾಕೆಟ್ ಮೇಲಿತ್ತು. ತೋಳಿನಿಂದ ಅಂಗಡಿಯ ಕೆಂಪು ಟ್ಯಾಗ್ ನೇತಾಡುತ್ತಿತ್ತು.

"ಕಿತ್ತು ಬಿಸಾಕ್ರೀ, ಮರ್ಯಾದೆ ಹೋಗುತ್ತೆ."

"ಸೋಮವಾರ ರಿಟರ್ನ್ ಮಾಡ್ಬೇಕು ಕಣೇ. ಕಿತ್ರೆ ತಗೊಳಲ್ಲ."

ಮಧ್ಯಾಹ್ನದ ಹೊತ್ತಿಗೆ, ಸುತ್ತುಹಾದಿಯ ಉದ್ದ ಕಂಡು, ಬೂಟು ಸವೆಯುತ್ತದಲ್ಲ ಎಂದು ಗುರುದತ್ತನಿಗೆ ಸಂಕಟವಾಯಿತು. ಮುಂದಿದ್ದ ಕೌಶಿಕ್ ತಿರುಗಿ ನೋಡುವಷ್ಟರಲ್ಲಿ ಆಸಾಮಿ ಇಳಿಜಾರಿಗೆ ಅಡ್ಡವಾಗಿ ಹೊರಟಾಗಿತ್ತು. ಧಪ್ಪೆಂದು ಸದ್ದಾಯಿತು. ಅವನ ಮೇಲುಗಡೆ ಹಿಮ ಬಿರುಕು ಬಿಟ್ಟು, ಹಾಸುಗಲ್ಲಿನ ಹಾಗೆ ಜಾರಿ ಬಂದು, ಅವನನ್ನು ಎಳೆದುಕೊಂಡು ಹೋಗಿ ಕೆಳಗೆ ಹೂತುಹಾಕಿ ನಿಂತಿತು.

ಇಬ್ಬರೂ ಬೀಕನ್‌ಗಳನ್ನು ಹುಡುಕಾಟಕ್ಕೆ ತಿರುಗಿಸಿ ಓಡಿಳಿದರು. ಪರದೆ ಖಾಲಿ, ಗುರುದತ್ತನ ಸಿಗ್ನಲ್ಲೇ ಇಲ್ಲ.

"ಹಿಮದಡಿ ಉಸಿರಿಗೆ ಹದಿನೈದು ನಿಮಿಷ ಅಷ್ಟೇ ಇರೋದು ಅಕ್ಕಾ," ಎಂದ ಕೌಶಿಕ್. ಬೆನ್ನಿನ ಚೀಲದಿಂದ ಸಲಿಕೆ ಎಳೆದ.

ಅಹಲ್ಯಾಳಿಗೆ ಗೊತ್ತಾಯಿತು. ಪರೀಕ್ಷೆ ಮುಗಿದ ಕೂಡಲೇ ಪುಣ್ಯಾತ್ಮ ತನ್ನ ಬೀಕನ್ ಆರಿಸಿದ್ದ, ಬಚ್ಚಲಿನ ದೀಪ ಆರಿಸುವ ಹಾಗೆ. ಬ್ಯಾಟರಿ ಯಾಕೆ ಸುಮ್ಮನೆ ದಂಡ! ಹನ್ನೆರಡು ವರ್ಷ ಸಂಸಾರ ಮಾಡಿದವಳಿಗೆ ಇಷ್ಟನ್ನು ಯಂತ್ರ ಹೇಳಬೇಕೇ? ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತಲೇ ಅವಳು ಮಂಡಿಯುದ್ದದ ಹಿಮದಲ್ಲಿ ಅತ್ತಿತ್ತ ಓಡಿದಳು. ಅವನಿಲ್ಲದ ಮನೆಗೆ ಮರಳುವುದನ್ನು ನೆನೆದು, ಒಂದೊಂದು ಗುಡ್ಡೆಯನ್ನೂ ಕೈಯಲ್ಲೇ ಕೆದಕಿದಳು.

ಆಗ ಕಂಡಿತು, ಬಿಳುಪಿನ ಮೇಲೆ ಬೆರಳುದ್ದದ ಕೆಂಪು ಚೂರು, ಗಾಳಿಗೆ ಅಲುಗುತ್ತ.

ಅಗೆದರು. ತೋಳು ಸಿಕ್ಕಿತು, ಆಮೇಲೆ ನೀಲಿಗಟ್ಟಿದ ಮುಖ. ಬಾಯೊಳಗಿನ ಹಿಮ ತೆಗೆದಾಗ ಗುರುದತ್ತ ಕೆಮ್ಮಿದ. ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದ, ಆಮೇಲೆ ತೋಳನ್ನು.

"ಟ್ಯಾಗ್ ಹರಿದಿಲ್ಲ ತಾನೆ?"

ಅಹಲ್ಯಾ ಅಳುತ್ತಲೇ ಟ್ಯಾಗನ್ನು ಹಲ್ಲಿನಿಂದ ಕಚ್ಚಿ ಕಿತ್ತಳು.

"ಇನ್ನು ಇದು ನಮ್ದೇ. ಹಾಕ್ಕೊಂಡು ಸವೆಸ್ರೀ," ಎಂದಳು.